ತಾನಾಗಿ ಕರಗುವ ಪಟ್ಟಿ

ನೂರೀನ,

ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ಸುಟ್ಟ ನನ್ನ ಕೈ ಕೀವು ಕಟ್ಟಿತ್ತು. ಇವತ್ತು ಗದಗಿನ ದವಾಖಾನೆಯಲ್ಲಿ ನರ್ಸಮ್ಮ ಅದರ ಮೇಲೆ ತೆಳ್ಳನೆಯ ಪಟ್ಟಿಯೊಂದನ್ನು ಹಾಕಿದಳು.

“ಇದನ್ನ ಕಿತ್ತು ತೆಗಿಯೂದಿಲ್ರಿ. ಒಳಗ ಔಷಧ ಬಿಡಕೋತ ತಾನ ಕರಗತೈತಿ. ನಿಮ್ಮನ್ನ ಹಿಡಕೊಳ್ಳಾಕ ಜೋಡಿ ಯಾರೂ ಬರೂದು ಬ್ಯಾಡ.”

“ಚಲೋ ಆತು ಬಿಡ್ರಿ,” ಅಂದೆ.

ನಿನ್ನ ಕಾಲು ಸುಟ್ಟಾಗ ಪಟ್ಟಿ ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಅದನ್ನು ಕೀಳುವಾಗೆಲ್ಲ ನೀನು ನನ್ನ ರಟ್ಟೆಗೆ ಹಲ್ಲೂರಿ ಕಚ್ಚಿ ಹಿಡಿಯುತ್ತಿದ್ದೆ. ಆಮೇಲೆ ನೀನು ಜಗಳಾಡಿ ನಮ್ಮ ಮಿರ್ಚಿ ಅಂಗಡಿ ಬಿಟ್ಟು ಹೊರಟಾಗ, ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಈ ಪತ್ರ ಕಳಿಸಲು ವಿಳಾಸವೂ ಇಲ್ಲ.

ನರ್ಸಮ್ಮ ನನ್ನ ರಟ್ಟೆ ನೋಡಿ ಕೇಳಿದಳು: “ಇದೂ ಸುಟ್ಟ ಕಲೆ ಏನ್ರಿ?”

“ಅಲ್ರೀ,” ಅಂದೆ. “ಅದು ನಮ್ಮ ನೂರೀನಂದು.”

ವಾಣಿಶ್ರೀ