ಸಡಿಲವಾರದ ಬೆಲ್ಲ

‘ಬಿಚ್ಚಿದರೆ ಮುಗಿಯದ ನೂಲು, ಸುತ್ತಿದರೆ ಅಂಗೈಯ ಮಣಿ’ ಎಂದೇನೋ ಒಂದು ಸಾಲು. ಹಿಂದುಮುಂದು ಮರೆತಿದೆ, ಬರೆದವರು ಯಾರೆಂದೂ ತಿಳಿಯದು. ಮೊದಲರ್ಧ ನಿಜ. ಎರಡನೆಯದನ್ನು ಇಂದು ನಂಬಲಾರೆ. ಸುತ್ತಿಟ್ಟ ನೂಲು ಮಣಿಯಂತೆ ಸುಮ್ಮನೆ ಕೂರುತ್ತದೆ ಎಂದು ಕವಿಗೆ ಹೇಳಿದವರಾರು?

ಇದು ಎರಡು ಸಾವಿರದ ನಾನೂರ ಹದಿನೇಳನೆಯ ವರ್ಷದ ಫೆಬ್ರವರಿ ಮೂವತ್ತು. ನಾಲ್ಕು ಶತಮಾನ ಹಿಂದಿರುವ ನಿಮ್ಮ ಪಂಚಾಂಗದಲ್ಲಿ ಈ ದಿನವಿಲ್ಲ, ನಮ್ಮದರಲ್ಲಿದೆ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಹೆಸರು ಸುಗುಣಿ. ಕೋಲಾರದ ಹಳೆಯ ಗಣಿಯೊಳಗೆ ಕಟ್ಟಿಕೊಂಡ ಊರಿನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ.

ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶದೊಳಗೆ ಎರಡು ಮೀಟರಿನಷ್ಟು ಡಿಎನ್‌ಎ ನೂಲು ಹಿಡಿದಿರುವುದು ನಿಮಗೂ ಗೊತ್ತು. ನೂಲು ಪ್ರೋಟೀನಿನ ಮಣಿಗಳಿಗೆ ಸುತ್ತಿಕೊಳ್ಳುತ್ತದೆ, ಮಣಿಸರ ಮಡಿಕೆ ಮಡಿಕೆಯಾಗಿ ಒತ್ತಿಕೊಳ್ಳುತ್ತದೆ. ಓದಬೇಕಾದ ಕಡೆ ಸಡಿಲ, ಬೇಡದ ಕಡೆ ಬಿಗಿ. ಕೋಶ ಎರಡಾಗುವ ಮುನ್ನ ನೂಲೆಲ್ಲ ನಕಲಾಗಬೇಕು. ನಕಲು ಸರಿಯಿದೆಯೇ ಎಂದು ಕೋಶ ಒಂದು ಗಳಿಗೆ ತಡೆದು ನೋಡಬೇಕು. ಆಮೇಲಷ್ಟೇ ನೂಲು ದಪ್ಪ ಕಟ್ಟುಗಳಾಗಿ, ನೀವು ಕ್ರೋಮೋಸೋಮ್ ಎನ್ನುವ ರೂಪ ತಾಳಿ, ಎರಡು ಪಾಲಾಗುತ್ತದೆ. ಆ ತಡೆ ನಿಮ್ಮ ಮೈಯೊಳಗೇ ಇದೆ. ನಮ್ಮದು ಮುತ್ತಜ್ಜಿಯರ ಕಾಲದಲ್ಲೇ ಕೆಟ್ಟುಹೋಯಿತು. ಮೇಲಿನ ಗಾಳಿ ವಿಷವಾಗಿತ್ತು, ಮನೆಮನೆಯಲ್ಲೂ ಕ್ಯಾನ್ಸರ್ ಗಡ್ಡೆ.

ಹೆದರಿದ ಹಿರಿಯರು ‘ಬಿಗಿ’ ಎಂಬ ಔಷಧಿ ಕಂಡುಹಿಡಿದರು. ಕುಡಿದರೆ ನೂಲು ಮಣಿಗಳಿಗೆ ಅಂಟಿ ಕೂರುತ್ತದೆ, ಕೋಶ ಒಡೆಯುವುದಿಲ್ಲ. ಕರುಳಿಗೂ ರಕ್ತಕ್ಕೂ ಮಾತ್ರ ವಿನಾಯಿತಿ. ನಮಗೆ ಕೂದಲು ಬೆಳೆಯುವುದಿಲ್ಲ, ಉಗುರು ಬೆಳೆಯುವುದಿಲ್ಲ, ಗಾಯ ಮಾಯುವುದಿಲ್ಲ. ಅಡುಗೆಮನೆಯಲ್ಲಿ ಈಳಿಗೆ ಇಡುವಂತಿಲ್ಲ, ತರಕಾರಿಯನ್ನು ದಾರದಿಂದ ಕೊಯ್ಯುತ್ತೇವೆ. ಮಕ್ಕಳು ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಆಡುತ್ತಾರೆ. ವರ್ಷಕ್ಕೊಮ್ಮೆ ಸಡಿಲವಾರ ಬರುತ್ತದೆ. ಸಡಿಲಿಸುವ ಮದ್ದಿನ ಮೊದಲ ಲೋಟ ಕುಡಿದರೆ ನೂಲು ಸಡಿಲಗೊಂಡು ನಕಲಾಗುತ್ತದೆ, ಎರಡನೆಯದು ಕುಡಿದರೆ ಕೋಶ ಒಡೆಯುತ್ತದೆ, ವರ್ಷದ ಗಾಯಗಳೆಲ್ಲ ಆ ವಾರ ಕೂಡಿಕೊಳ್ಳುತ್ತವೆ, ಮಕ್ಕಳು ಬೆಳೆಯುವುದೂ ಆಗಲೇ. ಎರಡು ಲೋಟಗಳ ನಡುವೆ ನೆರೆಮನೆಯವರು ಬಂದು ಚರ್ಮದ ಚೂರು ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮನೆಯವರು ನೋಡುವಂತಿಲ್ಲ. ಪ್ರೀತಿಗೆ ಆತುರ ಹೆಚ್ಚು. ನಕಲು ಸರಿಯಿದ್ದರೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಬೆಲ್ಲ ಕೇಳುತ್ತಾರೆ. ಕೆಟ್ಟಿದ್ದರೆ ಹೊಸ್ತಿಲಾಚೆ ನಿಂತು ಕರೆಯುತ್ತಾರೆ, ಆ ವರ್ಷ ಎರಡನೆಯ ಲೋಟವಿಲ್ಲ.

ನಮ್ಮ ನೆರೆಯವರು ದೊರೆಸಾನಮ್ಮ. ಪ್ರತಿವರ್ಷ ಬೆಲ್ಲ ಬಾಯಿಗಿಟ್ಟುಕೊಂಡು, ಮೇಷ್ಟ್ರ ಮನೆಯ ಅಚ್ಚು ಇಲಿ ಕಡಿದು ಬಿಟ್ಟಷ್ಟೇ ಇರುತ್ತದೆ ಎಂದು ನನ್ನನ್ನು ಹಂಗಿಸುವುದು ಅವರಿಗೆ ಹಬ್ಬ.

ನನ್ನ ಮಗಳು ನೀಲವೇಣಿ ಗಾಳಿದಾರಿಗಳಿಗೆ ಕಲ್ಲು ಕೆತ್ತುವವಳು. ಹೋದ ಬೇಸಿಗೆಯಲ್ಲಿ ಚಕ್ಕೆ ಸಿಡಿದು ಬಲ ಅಂಗೈ ಸೀಳಿತು. ಅಂದಿನಿಂದ ಆ ಸೀಳು ತೆರೆದೇ ಇತ್ತು. ಊಟಕ್ಕೆ ಎಡಗೈ, ನಿದ್ದೆಯಲ್ಲೂ ಬಲಗೈ ಎತ್ತಿಕೊಂಡೇ. ಈ ಸಲ ಮೊದಲ ಲೋಟ ಕುಡಿದ ಮೇಲೆ ಅವಳಿಂದ ಕಾಯಲಾಗಲಿಲ್ಲ. ನಾನು ದೊರೆಸಾನಮ್ಮನನ್ನು ಕರೆಯಲು ಹೋದಾಗ ಎರಡನೆಯದನ್ನೂ ಕುಡಿದುಬಿಟ್ಟಿದ್ದಳು. ಮಾರನೆಯ ದಿನ ಸೀಳು ಮುಚ್ಚಿ ಎಳೆಗೂಸಿನ ಚರ್ಮ ಬಂದಿತ್ತು. ಅವಳು ನಕ್ಕು, “ನೋಡಮ್ಮ, ಮುಷ್ಟಿ ಕಟ್ತೀನಿ” ಎಂದಳು. ಕಟ್ಟಿದಳು ಕೂಡ. ನಿನ್ನೆ ಅದೇ ಜಾಗದಲ್ಲಿ ಕಡಲೆಯಷ್ಟು ಗಂಟು. ಇಂದು ನೆಲ್ಲಿಕಾಯಿಯಷ್ಟು.

ಕೂಡಲೇ ಬಿಗಿ ಕುಡಿಸಿದೆ. ತಡೆಯನ್ನೇ ಮರೆತ ಕೋಶ ಬಿಗಿಗೂ ಬಗ್ಗುವುದಿಲ್ಲ ಎಂದು ತರಗತಿಯಲ್ಲಿ ನಾನೇ ಹೇಳಿಕೊಡುತ್ತೇನೆ. ಹಾಗಾಗಿದ್ದರೆ ವಾರ ಮುಗಿಯುವುದರೊಳಗೆ, ಕೆಳ ಅಂತಸ್ತಿನ ವೈದ್ಯಶಾಲೆಯಲ್ಲಿ ಆ ಕೈ ತೆಗೆಯಬೇಕು. ವಾರ ಕಳೆದ ಮೇಲೆ ಸಡಿಲಿಸುವ ಮದ್ದು ಸಿಗದು, ಕೊಯ್ದ ಗಾಯ ಮಾಯದು, ತೆಗೆಯದಿದ್ದರೆ ಮಗಳು ಉಳಿಯಳು. ಬೆಳಿಗ್ಗೆ ದೊರೆಸಾನಮ್ಮ ಗಂಟಿನ ಚೂರು ಒಯ್ದರು. ಒಂದೂ ಹಾಸ್ಯವಾಡಲಿಲ್ಲ. ತಟ್ಟೆಯಲ್ಲಿ ಈ ಸಲ ಇಡೀ ಅಚ್ಚು ಬೆಲ್ಲ ಇಟ್ಟಿದ್ದೇನೆ. ಒಳಗೆ ನೀಲವೇಣಿ ಮುಷ್ಟಿ ಕಟ್ಟುವುದು, ಬಿಚ್ಚುವುದು ಮಾಡುತ್ತಿದ್ದಾಳೆ. ಗಂಟು ಅಡ್ಡ ಬಂದು ಬೆರಳು ಪೂರ್ತಿ ಮಡಿಯುತ್ತಿಲ್ಲ.

ಒಂದು ಕೋರಿಕೆ. ಎಲ್ಲ ಬೆಳವಣಿಗೆಯನ್ನೂ ಒಮ್ಮೆಗೇ ನಿಲ್ಲಿಸುವ ಮದ್ದನ್ನು ಯಾರಾದರೂ ತಂದರೆ, ಅದನ್ನು ಬಿಡಿಸುವವರು ಯಾರು, ಅವರು ಕಾಯಬಲ್ಲರೇ ಎಂದು ಕೇಳಿ. ನಿಮ್ಮ ಕೋಶಗಳು ನಿಮಗೆ ತಿಳಿಯದಂತೆ ಇನ್ನೂ ಕಾಯುತ್ತಿವೆ. ಆ ತಡೆಯನ್ನು ಕೆಡಿಸುವ ವಿಷವನ್ನು ಗಾಳಿಗೆ ಬಿಡಬೇಡಿ.

ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತಿದೆ. ಬಾಗಿಲು ತೆರೆದೇ ಇದೆ. ಹೆಜ್ಜೆ ಹೊಸ್ತಿಲಾಚೆ ನಿಂತಿತು. ಚಪ್ಪಲಿ ಬಿಡುವ ಸದ್ದು ಬರಲಿಲ್ಲ.

“ಸುಗುಣಿ, ಬೆಲ್ಲ ಎತ್ತಿಡಮ್ಮ, ಅದೇನೂ ಕೆಡಲ್ಲ. ಮಗೂನ ಕರಿ. ಕೆಳಕ್ಕೆ ನಾನೂ ಜೊತೇಲಿ ಬರ್ತೀನಿ.”