ಸೆಲ್ವಿನ್ ಮುಚ್ಚಿದ ಗುಂಡಿಗಳು

ಡನಾಲಿ, ವಿಕ್ಟೋರಿಯಾ
ಭಾನುವಾರ, 6 ಮಾರ್ಚ್ 1994

ನನ್ನ ಮುದ್ದಿನ ಲೊರೇನ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ನೀನು ಬೈಯಬೇಕಾಗಿಲ್ಲ, ಆ ಕೆಲಸವನ್ನು ನಿನ್ನ ದೊಡ್ಡಮ್ಮ ಡಾಟ್ ಆಗಲೇ ಮುಗಿಸಿದ್ದಾಳೆ. "ಪಬ್ಬಲ್ಲಿ ಕೂತು ಊರಿಗೆಲ್ಲ ಚಿನ್ನದ ಪಾಠ ಹೇಳ್ತೀಯ, ತಮ್ಮನ ಮಗಳಿಗೆ ಎರಡು ಸಾಲು ಬರೆಯೋಕೆ ಕೈ ಬರಲ್ವಾ?" ಎಂದು ಇವತ್ತು ಬೆಳಿಗ್ಗೆ ಪೆನ್ನು ತಂದು ಟೀ ಲೋಟದ ಪಕ್ಕ ಕುಕ್ಕಿದಳು. ಇಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಮಂಡಿ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ.

ಈಸ್ಟರ್ ರಜೆಗೆ ಕರ್ಸ್ಟಿಯನ್ನು ಕರೆತರುತ್ತೀ ಎಂದು ಓದಿ ಖುಷಿಯಾಯಿತು. ಏಳು ವರ್ಷದ ನಿನ್ನ ಮಗಳು ಚಿನ್ನ ಹುಡುಕಬೇಕು ಅನ್ನುತ್ತಾಳೆಂದರೆ ಅದು ನಮ್ಮ ಮನೆತನದ ರಕ್ತ, ಅದರಲ್ಲೂ ಹೆಚ್ಚಿನ ಪಾಲು ನನ್ನದು. ಹೊಸಬರು ಎಲ್ಲಿಗೆ ಹೋಗಬೇಕು ಎಂದು ಸರಿಯಾದ ಮನುಷ್ಯನನ್ನೇ ಕೇಳಿದ್ದೀಯ. ನಾನು ಓದಿದ್ದು ಆರನೇ ಕ್ಲಾಸು. ಆದರೆ ಮೆಲ್ಬರ್ನಿನಿಂದ ಕನ್ನಡಕದ ಮೇಷ್ಟ್ರೊಬ್ಬರು ನಕ್ಷೆ ಹಿಡಿದು ಬಂದಾಗ, ಹಿಂದೆ ಹಳ್ಳ ಯಾವ ಕಡೆ ಹರಿಯುತ್ತಿತ್ತು ಎಂದು ತೋರಿಸಿಕೊಟ್ಟವನು ನಾನು. ಅವರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದರು ಅನ್ನುವುದು ಬೇರೆ ಮಾತು.

ಮೊದಲು ಪರವಾನಗಿ ಚೀಟಿ ಮಾಡಿಸು. ಬೇಲಿಯೊಳಗಿನ ಜಾಗವಾದರೆ ರೈತನನ್ನು ಕೇಳು. ಆಮೇಲೆ ಸೀದಾ ಫೈವ್ ಮೈಲ್ ಹಳ್ಳಕ್ಕೆ ಬಾ. ಹೊಸಬರು, ಯಾರೂ ಕಾಲಿಡದ ಜಾಗ ಹುಡುಕಿಕೊಂಡು ಹೋಗಿ ಕೆಡುತ್ತಾರೆ. ಹಳಬರು ಅಗೆದು ಬಿಟ್ಟಲ್ಲಿಗೇ ಹೋಗಬೇಕು. ಏನೂ ಇಲ್ಲದ ಕಡೆ ಬೆವರು ಸುರಿಸಲು ಅವರಿಗೇನು ಹುಚ್ಚೇ? ಹಳ್ಳ ತಿರುಗುವಲ್ಲಿ ಒಳಮಗ್ಗುಲಿನ ಜಲ್ಲಿ, ದೊಡ್ಡ ಕಲ್ಲಿನ ಹಿಂಬದಿ, ತಳಬಂಡೆಯ ಬಿರುಕು, ಅಲ್ಲೆಲ್ಲ ಚಮಚದಲ್ಲಿ ಕೆರೆದು ಬಾಣಲೆಗೆ ಹಾಕಿ ಜಾಲಿಸಬೇಕು. ಈಗ ಅಲ್ಲಿ ನೀರು ಗುಂಡಿಯಲ್ಲಷ್ಟೇ ಇದೆ, ನೀರು ತುಂಬಿಕೊಂಡು ಜಾಲಿಸಲು ಒಂದು ತೊಟ್ಟಿ ನಾನು ತರುತ್ತೇನೆ. ಕೊನೆಗೆ ಉಳಿಯುವ ಕಪ್ಪು ಮರಳಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ ಕೂತಿರುತ್ತದೆ. ಬಿಸಿಲಿಗೆ ಮಿನುಗಿ ನೆರಳಲ್ಲಿ ಕಾಣೆಯಾಗುವುದು ಅಭ್ರಕ. ನೆರಳಲ್ಲೂ ಹಳದಿಯಾಗಿಯೇ ಇರುವುದು ಚಿನ್ನ. ಅಗೆದ ಗುಂಡಿ ಮುಚ್ಚದೆ ಊಟಕ್ಕೆ ಕೂರಬಾರದು, ಕಾಂಗರೂ ಕಾಲು ಮುರಿದುಕೊಳ್ಳುತ್ತವೆ. ಗುಂಡಿ ಮುಚ್ಚದವನಿಗೆ ಈ ಊರಲ್ಲಿ ಯಾರೂ ಬಿಯರ್ ಕೊಡಿಸುವುದಿಲ್ಲ.

ಎಲ್ಲಿ ಸಿಕ್ಕಿತು ಎಂದು ಕೇಳಿದವರಿಗೆ ನಿಜ ಹೇಳುವ ರೂಢಿ ನಮ್ಮಲ್ಲಿಲ್ಲ, ನಿನಗೆ ಗೊತ್ತು. ಆದರೆ ಫೈವ್ ಮೈಲ್ ಬಗ್ಗೆ ಬರೆದದ್ದು ನಿಜ.

ಇನ್ನು, ಮೊದಲು ಬಿಷಪ್ ಕೊರಕಲಿಗೇ ಹೋಗಬೇಕು ಎಂದು ಬರೆದಿದ್ದೀಯ. "ನನ್ನ ಕೊರಳಿನ ಪದಕದ ಚಿನ್ನ ಅಪ್ಪನಿಗೆ ಸಿಕ್ಕಲ್ಲೇ ಕರ್ಸ್ಟಿ ಮೊದಲ ಬಾಣಲೆ ಜಾಲಿಸಲಿ" ಅನ್ನುವ ನಿನ್ನ ಸಾಲನ್ನು ನಾಲ್ಕೈದು ಸಲ ಓದಿದೆ. ಅಲ್ಲಿಗೆ ಬೇಡ ಮಗಳೇ. ದಾರಿ ಕೆಟ್ಟಿದೆ, ಮುಳ್ಳುಪೊದೆ ಬೆಳೆದಿದೆ, ತೋಳಿನಷ್ಟು ದಪ್ಪದ ಹಾವುಗಳಿವೆ.

ಡಾಟ್ ಬೆನ್ನ ಹಿಂದೆ ನಿಂತು ಇದನ್ನು ಓದಿದಳು. "ಯಾವ ಹಾವು? ಮಂಗಳವಾರ ಆ ಮಂಡಿ ಎಳ್ಕೊಂಡು ನೀನೇ ಹೋಗ್ಬಂದ್ಯಲ್ಲ."

"ಅದಕ್ಕೇ ಹಾವುಗಳಿಗೆ ಕೋಪ ಬಂದಿದೆ" ಅಂದೆ.

ಕರ್ಸ್ಟಿಗೆ ಹಳೆಯ ಬೂಟು ಹಾಕಿಸು. ದೊಡ್ಡಮ್ಮ ಕುರಿಮಾಂಸ ಹುರಿದಿಡುತ್ತಾಳಂತೆ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ, ಆ ಪುಟ್ಟ ಕೈಗಳಿಗೆ ಏನಾದರೂ ಸಿಗಲಿ.

ನಿನ್ನ ದೊಡ್ಡಪ್ಪ,
ಮರ್ವ್

ಮರೆತ ಮಾತು: ಡಾಟ್ ಚರ್ಚಿಗೆ ಹೋದಳು, ಈಗ ಬರೆಯಬಲ್ಲೆ. ಬಿಷಪ್ ಕೊರಕಲಿನಲ್ಲಿ ಹಾವಿಲ್ಲ. ಚಿನ್ನವೂ ಇಲ್ಲ.

1971ರಲ್ಲಿ ನಿನ್ನಪ್ಪ ಸೆಲ್ವಿನ್ ಅಲ್ಲಿ ಆರು ತಿಂಗಳು ಅಗೆದು ಆರು ತಿಂಗಳೂ ಬರಿಗೈಯಲ್ಲಿ ಬಂದ. ತಮಾಷೆಗೆಂದು ನನ್ನ ಡಬ್ಬಿಯಲ್ಲಿದ್ದ ಅವರೆಕಾಳಿನಷ್ಟು ದೊಡ್ಡ ಚಿನ್ನದ ತುಂಡನ್ನು ಅವನು ಅಗೆಯುವ ಜಾಗದಲ್ಲಿ ಹೂತಿಟ್ಟೆ. ಸಂಜೆ ಪಬ್ಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸುವ ಆಲೋಚನೆ. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಮಣ್ಣಲ್ಲೇ ಕೂತುಬಿಟ್ಟ. "ನೋಡಣ್ಣ, ನನ್ನ ಕೈಗೂ ಬಂತು. ಅಪ್ಪ ಯಾವಾಗ್ಲೂ ಮರ್ವ್‌ನ ಕೈ, ಮರ್ವ್‌ನ ಕೈ ಅಂತಿದ್ದ" ಅಂದ. ಅಳುತ್ತಿದ್ದ. ಊರಿಗೆಲ್ಲ ದೊಡ್ಡದಾದ ನನ್ನ ಬಾಯಿ ಅಂದು ತೆರೆಯಲಿಲ್ಲ.

ಆಮೇಲೆ ಇಪ್ಪತ್ತೆರಡು ವರ್ಷ, ಶನಿವಾರ ಬಂತೆಂದರೆ ಅವನು ಅಲ್ಲಿಗೇ ಹೋದ. ಫೈವ್ ಮೈಲ್‌ಗೆ ಬಾರೋ ಎಂದು ಎಷ್ಟು ಸಲ ಕರೆದೆ. ನಗುತ್ತಿದ್ದ. "ನೀನು ಜಾಗದ ವಿಷ್ಯದಲ್ಲಿ ಯಾವತ್ತು ನಿಜ ಹೇಳಿದೀಯ? ಇದು ನನ್ ಜಾಗ, ನಂಗೆ ಬಿಡು." ಹೋದ ವರ್ಷ ಆಸ್ಪತ್ರೆಯಲ್ಲಿ, ಕೊನೆಯ ದಿನಗಳಲ್ಲೂ ನನ್ನ ತೋಳು ಹಿಡಿದು ಹೇಳಿದ: "ಕರ್ಸ್ಟಿ ದೊಡ್ಡೋಳಾದ್ಮೇಲೆ ಅಲ್ಲಿಗೆ ಕರ್ಕೊಂಡ್ ಹೋಗು. ಅವಳಿಗೆ ಅಂತ ಸ್ವಲ್ಪ ಬಿಟ್ಟಿದೀನಿ."

ಮಂಗಳವಾರ ಇನ್ನೊಂದು ತುಂಡು ಜೇಬಿನಲ್ಲಿಟ್ಟುಕೊಂಡು ಹೋದೆ, ಕರ್ಸ್ಟಿಗೆ ಸಿಗುವ ಹಾಗೆ ಹೂತಿಡಲು. ಹಿಂದಿನ ದಿನ ಮಳೆ ಬಿದ್ದಿತ್ತು. ಮುಚ್ಚಿದ ಗುಂಡಿ ಕಾಲಕ್ರಮೇಣ ಒಂದಿಷ್ಟು ಕುಸಿಯುತ್ತದೆ, ಮಳೆ ಬಂದರೆ ಒಂದೊಂದರಲ್ಲೂ ನೀರು ನಿಲ್ಲುತ್ತದೆ. ಕೊರಕಲಿನ ಉದ್ದಕ್ಕೂ ಸೆಲ್ವಿನ್‌ನ ಗುಂಡಿಗಳು ಕಂಡವು ಲೊರೇನ್, ಬೋಗುಣಿ ಜೋಡಿಸಿಟ್ಟ ಹಾಗೆ. ನೂರರ ಮೇಲೆ ನಾನು ಎಣಿಸಲಿಲ್ಲ. ಒಂದನ್ನೂ ಅವನು ಮುಚ್ಚದೆ ಬಿಟ್ಟಿರಲಿಲ್ಲ. ಸಲಿಕೆ ಊರಿದೆ, ಒತ್ತಲು ಕಾಲು ಬರಲಿಲ್ಲ. ತುಂಡನ್ನು ಜೇಬಿನಲ್ಲೇ ವಾಪಸ್ಸು ತಂದೆ.

ಕರ್ಸ್ಟಿಯನ್ನು ಫೈವ್ ಮೈಲ್‌ಗೇ ಕರೆದುಕೊಂಡು ಬಾ. ಅಲ್ಲಿ ಸಿಗುವುದು ಚುಕ್ಕೆಯಷ್ಟೇ ಆದರೂ ಆ ಹಳ್ಳವೇ ಕೊಟ್ಟದ್ದಾಗಿರುತ್ತದೆ. ನಾನು ಜೊತೆಗಿರುವುದು ನಿನಗೆ ಬೇಡವೆನಿಸಿದರೆ ಒಂದು ಸಾಲು ಬರೆ ಸಾಕು. ಬಾಣಲೆ, ತೊಟ್ಟಿ, ಚಿಕ್ಕ ಸಲಿಕೆ ಎಲ್ಲ ಗೇಟಿನ ಹತ್ತಿರ ಇಟ್ಟು ಒಳಗೆ ಇರುತ್ತೇನೆ.