ಗೋಡೆ ಮೇಲಿಂದ ನೋಡಿದ ನಾಮಕರಣ

ಶಿರಾ,
೨೧ ನವೆಂಬರ್ ೨೦೨೪, ಗುರುವಾರ

ಸೌಭಾಗ್ಯವತಿ ಬಸವಮ್ಮನಿಗೆ ಮರುಳಸಿದ್ದಯ್ಯನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡು. ಪ್ರಿಯಾಂಕಳಿಗೆ ಬಾಣಂತಿ ಊಟ ಸೇರುತ್ತಿದೆಯೇ, ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆಯೇ, ತಿಳಿಸು. ಇಲ್ಲಿ ನಾನು ಕ್ಷೇಮ. ನೀನು ಹಾಕಿಟ್ಟು ಹೋದ ಉಪ್ಪಿನಕಾಯಿ ಮುಗಿಯಿತು. ಮುದ್ದೆ ತಿರುವಲು ಕಲಿತಿದ್ದೇನೆ, ಗಂಟಿಲ್ಲದ ಮುದ್ದೆ ಇನ್ನೂ ಆಗಿಲ್ಲ. ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಮಗಳು ಎತ್ತಿದರೂ 'ಅಮ್ಮ ಕೆಲಸದಲ್ಲಿದಾಳೆ' ಅನ್ನುತ್ತಾಳೆ, ಹಿಂದಿನಿಂದ ನೀನು ಹೇಳಿಕೊಡುವುದು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಮೊಮ್ಮಗಳ ನಾಮಕರಣಕ್ಕೆ ತಾತನೇ ಬರಲಿಲ್ಲ ಎಂಬ ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ನಾನು ಬಂದಿದ್ದೆ. ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು.

ಭಾನುವಾರ ಬೆಳಿಗ್ಗೆ ಐದೂವರೆ ಬಸ್ಸಿಗೇ ಹೊರಟೆ. ನೀನು ತೆಗೆದಿಟ್ಟಿದ್ದ ಹೊಸ ಪಂಚೆ ಉಟ್ಟಿದ್ದೆ, ಚೀಲದಲ್ಲಿ ಗೌಡಗೆರೆಯ ಹಸಿ ಕಡಲೆಕಾಯಿ ಇತ್ತು. ಚಾರ್ಜಿಗೆ ಹಾಕಿದ್ದ ಫೋನ್ ಮಾತ್ರ ಮನೆಯಲ್ಲೇ ಉಳಿಯಿತು. ಅಳಿಯ ಪ್ರಸನ್ನ ಕುಮಾರ್ ಹಿಂದಿನ ದಿನವೇ, 'ಮಾವ, ಮೇನ್ ರೋಡಲ್ಲಿ ನಮ್ ಲೇಔಟ್ ಗೇಟ್ ಹತ್ರ ಇಳೀರಿ, ಬೈಕ್ ತರ್ತೀನಿ' ಅಂದಿದ್ದ. ನಾನು ಕೊಟ್ಟ ಉತ್ತರ ನಿನಗೂ ಕೇಳಿಸಿರಬೇಕು: 'ಅದು ನಾನು ಚೈನ್ ಎಳ್ದು ಅಳ್ದಿರೋ ಊರು ಕಣಪ್ಪಾ, ನಂಗೆ ದಾರಿ ಏಳ್ಕೊಡಬ್ಯಾಡ.'

ಅದೇನೂ ಸುಳ್ಳಲ್ಲ. ಎಂಬತ್ತೊಂಬತ್ತರಲ್ಲಿ ಸರ್ವೆ ಕೆಲಸಕ್ಕೆ ನನ್ನನ್ನು ಆರು ತಿಂಗಳು ಅಲ್ಲಿಗೆ ಹಾಕಿದ್ದರು. ಆಗ ಅಲ್ಲಿಯವರು ಪೇಟೆಗೆ ಹೊರಟರೆ 'ಬೆಂಗಳೂರಿಗೆ ಹೋಗಿ ಬರ್ತೀನಿ' ಎನ್ನುತ್ತಿದ್ದರು, ಈಗ ಅದೂ ಬೆಂಗಳೂರೇ. ಊರಿಂದ ಕೆರೆಗೆ ನೆಟ್ಟಗೆ ಒಂದು ಬಂಡಿದಾರಿ, ಅದಕ್ಕೆ ಹೊಲಗಳ ಕಡೆಯಿಂದ ಏಳೆಂಟು ಕಾಲುದಾರಿಗಳು ಬಂದು ಸೇರುತ್ತಿದ್ದವು. ಯಾರು ಎಲ್ಲಿಂದ ಹೊರಟರೂ ಯಾರ ಮನೆಗೆ ಬೇಕಾದರೂ ಹತ್ತು ನಿಮಿಷ. ಮಗಳ ಮನೆ ಕೆರೆಯ ಪಕ್ಕ ಎಂದಾಗಲೇ ಅಂದಾಜು ಮಾಡಿದ್ದೆ, ಹಳೇ ಊರಿನಲ್ಲಿ ಇಳಿದು ಬಂಡಿದಾರಿ ಹಿಡಿದರೆ ಮುಕ್ಕಾಲು ಮೈಲಿ.

ಇಳಿದೆ. ಬಂಡಿದಾರಿಗೆ ಈಗ ಡಾಂಬರು ಬಂದಿದೆ. ಮೊದಲು ಸಿಕ್ಕಿದ್ದು ತೊಂಬತ್ತರ ದಶಕದ ಬಡಾವಣೆ. ಅಡ್ಡರಸ್ತೆಗಳು ಇಕ್ಕಟ್ಟು, ಆದರೂ ಒಂದಕ್ಕೊಂದು ಕೂಡಿಕೊಂಡಿವೆ, ನಮ್ಮ ಶಿರಾದ ಗಲ್ಲಿಗಳ ಹಾಗೆ. ಎದುರಿಗೆ ಬೀಗರು ಕಂಡರೆ ತಪ್ಪಿಸಿಕೊಳ್ಳಲು ನಾಲ್ಕು ದಾರಿ. ಅದನ್ನು ದಾಟಿದರೆ ಹೊಸ ಲೇಔಟುಗಳು. ರಸ್ತೆ ಹೈವೇಯಷ್ಟು ಅಗಲ, ಎರಡೂ ಕಡೆ ಹೂಗಿಡ, ಮುಂದೆ ಹೋದರೆ ಗೋಡೆ. ಎಡಕ್ಕೆ ತಿರುಗಿದೆ, ರಸ್ತೆ ಒಂದು ಪಾರ್ಕ್ ಸುತ್ತಿಸಿ ನನ್ನನ್ನು ಹೊರಟ ಜಾಗಕ್ಕೇ ತಂದುಬಿಟ್ಟಿತು. ಬಲಕ್ಕೆ ಹೋದೆ; ರಾಜಕಾಲುವೆ, ಅದಕ್ಕೆ ಸೇತುವೆ ಇಲ್ಲ. ಒಂದೊಂದು ಲೇಔಟೂ ರಾಗಿ ತುಂಬುವ ಹಗೇವು ಇದ್ದಂತೆ, ಇರುವುದೊಂದೇ ಬಾಯಿ. ಇಳಿದವನು ಇಳಿದ ಬಾಯಿಂದಲೇ ಹತ್ತಿ ಬರಬೇಕು. ಊರು ನಾಲ್ಕು ಪಟ್ಟು ಬೆಳೆದಿದೆ, ರಸ್ತೆ ಹತ್ತು ಪಟ್ಟು ಹೆಚ್ಚಿದೆ, ಪಕ್ಕದ ಮನೆಗೆ ಹೋಗುವುದೊಂದು ಆಗುವುದಿಲ್ಲ.

ಮತ್ತೆ ಗೋಡೆಯ ಹತ್ತಿರವೇ ಬಂದು ನಿಂತೆ. ಆಚೆ ಕಡೆ, ಫೋಟೋದಲ್ಲಿ ನೋಡಿದ್ದ ನಿಮ್ಮ ಮನೆಯ ನೀಲಿ ನೀರಿನ ಟ್ಯಾಂಕು, ತಾರಸಿಯ ಮೇಲೆ ಹಾಕಿದ ಶಾಮಿಯಾನ ಕಾಣುತ್ತಿದ್ದವು. ಹೂರಣ ಬೇಯುವ ವಾಸನೆಯೂ ಬರುತ್ತಿತ್ತು. ಅಲ್ಲಿದ್ದ ಕಾವಲುಗಾರ ಎದ್ದು ಬಂದ. ಹೆಸರು ಚೌಡಯ್ಯ, ನಮ್ಮ ವೈ.ಎನ್.ಹೊಸಕೋಟೆಯವನು, ಮಾತಿನಲ್ಲಿ ತೆಲುಗು ಬೆರೆಯುತ್ತದೆ.

'ಇಟ್ಲಾ ದಾರಿ ಲೇದು ಸಾರ್. ವಾಪಸ್ ಊರಿಗೋಗಿ, ಮೇನ್ ರೋಡ್ ಹಿಡ್ದು ಸುತ್ತಾಕ್ಕೊಂಡು ಬರ್ಬೇಕು. ಮೂರೂವರೆ ಕಿಲೋಮೀಟ್ರು.'

'ಮನೆ ಇಲ್ಲೇ ಕಾಣ್ತದಲ್ಲಯ್ಯ' ಅಂದೆ.

'ಕಾಣ್ತದೆ ಸಾರ್. ಕಾಣಕ್ಕೆ ಯಾರೂ ಅಡ್ಡಿ ಮಾಡಿಲ್ಲ' ಅಂದ.

ಶಾಸ್ತ್ರ ಹನ್ನೊಂದೂಕಾಲಿಗೆ. ಆಗಲೇ ಹನ್ನೊಂದು ಹೊಡೆದಿತ್ತು. ನಾನು ಶಿರಾದವನೆಂದು ತಿಳಿದ ಮೇಲೆ ಚೌಡಯ್ಯನ ಮನಸ್ಸು ಕರಗಿ, ಪೇಂಟಿನವರು ಬಿಟ್ಟುಹೋಗಿದ್ದ ಏಣಿ ತಂದು ಹಿಡಿದುಕೊಂಡ. ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ, ಅದಕ್ಕೆ ಗೋಣಿಚೀಲ ಮಡಿಸಿ ಹಾಸಿದ. ಅರವತ್ತಾರನೇ ವಯಸ್ಸಿನಲ್ಲಿ ಹತ್ತಿ ಕೂತೆ. ಆಚೆಗೆ ಇಳಿಯೋಣವೆಂದರೆ ಕೆಳಗೆ ಆಳದ ಚರಂಡಿ.

ಹಾಗಾಗಿ ಕೂತಲ್ಲಿಂದಲೇ ನೋಡಿದೆ, ಬಸವಮ್ಮ. ನೀನು ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ. ಕೂಸನ್ನು ತೊಟ್ಟಿಲ ಕೆಳಗಿಂದ ದಾಟಿಸಿ ಮೇಲಿಂದ ತೆಗೆದುಕೊಂಡೆ. ಅದು ಒಂದು ಕೈ ಬಟ್ಟೆಯಿಂದ ಬಿಡಿಸಿಕೊಂಡು ಆಡಿಸಿತು. ತಲೆ ತುಂಬ ಕೂದಲು, ನಿಮ್ಮ ಕಡೆಯದು. ನಾನು ಎರಡು ಸಲ ಕೂಗಿದೆ, ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಷನ್ ಒಂದೇ ಸಮನೆ ತಿರುಗುತ್ತಿತ್ತು. ನೀನು ಈ ಕಡೆ ನೋಡಿದೆ. ಕನ್ನಡಕ ಇರಲಿಲ್ಲ, ಫೋಟೋಗೆಂದು ತೆಗೆದಿಟ್ಟಿದ್ದೆಯೋ ಏನೋ. ಮಿಷನ್ ನಿಂತ ಅರೆಗಳಿಗೆಯಲ್ಲಿ ನಿನ್ನ ಮಾತು ಸ್ಪಷ್ಟವಾಗಿ ಕೇಳಿಸಿತು: 'ಯಾವನೋ ಬೆಳಬೆಳಗ್ಗೇನೆ ಕುಡುದ್ಬುಟ್ಟು ಗೋಡೆ ಅತ್ತವ್ನೆ, ಗೇಟ್‌ನೋರಿಗೆ ಏಳ್ರಪ್ಪಾ.' ನಲವತ್ತು ವರ್ಷ ನಿನ್ನೊಡನೆ ಸಂಸಾರ ಮಾಡಿದವನು ನಾನು. ಮಜ್ಜಿಗೆ ಹುಳಿಯಾದರೂ ಬೇಡವೆನ್ನುವವನು.

ನಿಮ್ಮ ಗೇಟಿನವರು ಸೀಟಿ ಊದುತ್ತಾ ಬಂದರು. ಗಾಬರಿಯಿಂದ ತಿರುಗುವಾಗ ಪಂಚೆ ಗಾಜಿಗೆ ಸಿಕ್ಕಿ ಸೊಂಟದಿಂದ ಮಂಡಿಯವರೆಗೆ ಹರಿಯಿತು. ಮೈಗೆ ಏನೂ ಆಗಿಲ್ಲ, ಹೆದರಬೇಡ. ಆ ಪಂಚೆಯಲ್ಲಿ ಬೀಗರ ಮುಂದೆ ಬಂದು ನಿಲ್ಲುವುದಕ್ಕಿಂತ ಬಾರದೇ ಇರುವುದೇ ಮರ್ಯಾದೆ ಅನ್ನಿಸಿತು. ಚೌಡಯ್ಯ ತನ್ನ ಇನ್ನೊಂದು ಯೂನಿಫಾರ್ಮ್ ಪ್ಯಾಂಟ್ ಕೊಟ್ಟ. ಕಡಲೆಕಾಯಿ ಅವನಿಗೇ ಕೊಟ್ಟು ಬಂದೆ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಪ್ಯಾಂಟ್ ನೋಡಿ, 'ಸೆಕ್ಯೂರಿಟಿ, ಪಾವಗಡದ ಬಸ್ ಎಲ್ ನಿಲ್ತೈತೆ' ಎಂದು ಕೇಳಿದಳು. ತೋರಿಸಿದೆ. ಆವತ್ತು ನನಗೆ ಗೊತ್ತಿದ್ದ ದಾರಿ ಅದೊಂದೇ.

ಹಳೇ ನಕಾಶೆಯ ನಕಲಿಗೆ ಅರ್ಜಿ ಬರೆದಿದ್ದೇನೆ. ಗೋಡೆ ಅಡ್ಡ ಬಂದಿರುವ ಆ ಬಂಡಿದಾರಿ ಸರ್ಕಾರದ್ದು, ನಕಾಶೆಯಲ್ಲಿ ಅದರ ಗೆರೆ ನಾನೇ ಎಳೆದಿದ್ದೇನೆ. ಗೋಡೆಯಲ್ಲಿ ಒಂದಾಳು ನುಸುಳುವಷ್ಟು ಬಾಗಿಲಾದರೂ ಬಿಡಲಿ. ಅದೆಲ್ಲ ಆಗುವಾಗ ಆಗಲಿ; ಡಿಸೆಂಬರ್ ಮೊದಲ ಭಾನುವಾರ ಮೇನ್ ರೋಡಿನಲ್ಲೇ ಇಳಿಯುತ್ತೇನೆ. ಪ್ರಸನ್ನ ಕುಮಾರನಿಗೆ ಬೈಕ್ ತರಲು ಹೇಳು, ನಾನು ಹೇಳಿದೆನೆಂದು ಹೇಳಬೇಡ.

ಮಗಳು ಅಳಿಯನಿಗೆ ಆಶೀರ್ವಾದ, ಬೀಗರಿಗೆ ಶರಣು. ಗೋಡೆಯ ಸಂಗತಿ ಅವರ ಕಿವಿಗೆ ಬೀಳದಿರಲಿ. ಕೂಸಿನ ಹಣೆಗೆ ತಾತನ ಮುತ್ತು.

ಕುಡಿಯದೇ ಇದ್ದ,
ನಿನ್ನ ಮರುಳಸಿದ್ದಯ್ಯ

ಇದೊಂದು ಮರೆತಿದ್ದೆ: ಕೂಸಿಗೆ ಏನು ಹೆಸರಿಟ್ಟಿರಿ? ಪ್ರಿಯಾಂಕಳನ್ನು ಕೇಳಲು ನನಗೆ ಮುಖವಿಲ್ಲ. ಇಲ್ಲಿ ಕೇಳಿದವರಿಗೆಲ್ಲ 'ಬಲು ಚೆಂದದ ಹೆಸರು' ಎನ್ನುತ್ತಾ ಬಂದೆ. ಎದುರುಮನೆ ಗಂಗಲಕ್ಷ್ಮಮ್ಮ ಮಾತ್ರ, 'ಚೆಂದ ಅಂತ್ಲೇ ಇಕ್ಬುಟ್ರಾ ಅಣ್ಣಾ?' ಎಂದು ಹಿಡಿದು ನಿಲ್ಲಿಸಿದಳು. ಬಾಯಿಗೆ ಬಂದದ್ದು ನಮ್ಮವ್ವನ ಹೆಸರು, ಸಿದ್ದಗಂಗಮ್ಮ. ಅವಳು ಪಾತ್ರೆ ಅಂಗಡಿಗೆ ಹೋಗಿ ಹನ್ನೆರಡು ಸ್ಟೀಲ್ ಬಟ್ಟಲಿಗೆ ಆ ಹೆಸರು ಕೆತ್ತಲು ಕೊಟ್ಟಿದ್ದಾಳೆ. ಆರು ಮುಗಿದಿವೆಯಂತೆ. ಈ ಕಾಗದ ಕೈ ಸೇರಿದ ಕೂಡಲೇ ಫೋನ್ ಎತ್ತು.